ಅದರಲ್ಲೇನಿದೆ? ಕಳೆದುಹೋದ ಬೆರಗನ್ನು ಮರಳಿ ಪಡೆಯುವ ಹತ್ತು ಸೂತ್ರಗಳು

ನಮ್ಮ ಮನೆಯಿಂದ ಹಾಲಿನ ಬೂತಿಗೆ ಇನ್ನೂರು ಹೆಜ್ಜೆ. ಮೊನ್ನೆ ರಜೆಗೆ ಬಂದಿದ್ದ ಅಕ್ಕನ ಮಗಳನ್ನು ಕರೆದುಕೊಂಡು ಹೊರಟೆ. ಐದು ವರ್ಷದ ಪೋರಿ. ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಚರಂಡಿ ಕಲ್ಲಿನ ಸಂದಿಯಲ್ಲಿ ಹುಟ್ಟಿದ ಗಿಡ, ಆಮೇಲೆ ಪಕ್ಕದ ಮನೆಯ ಗೇಟಿನ ಕಿರ್ರೆನ್ನುವ ಸದ್ದು, ಅದಾದ ಮೇಲೆ ಇರುವೆ ಸಾಲು. ಏಳೆಂಟು ಇರುವೆಗಳು ಜಿರಳೆಯ ಒಂದು ರೆಕ್ಕೆಯನ್ನು ಹಾಯಿದೋಣಿಯ ಪಟದ ಹಾಗೆ ನೆಟ್ಟಗೆ ಎತ್ತಿ ಹಿಡಿದು ಹೊರಟಿದ್ದವು. ಅವಳು ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ನನಗೋ ಮನೆಯಲ್ಲಿ ಆರುತ್ತಿರುವ ಡಿಕಾಕ್ಷನ್ನಿನ ಚಿಂತೆ. "ಇರುವೆ ಅಲ್ವೇನೇ, ಅದರಲ್ಲೇನಿದೆ? ಬಾ" ಎಂದೆ. ಅವಳು ತಲೆ ಎತ್ತದೆ ಹೇಳಿದಳು: "ಇರು ಮಾಮಾ, ನೋಡಿ ಹೇಳ್ತೀನಿ."

ದೊಡ್ಡವರ ಬಾಯಲ್ಲಿ 'ಅದರಲ್ಲೇನಿದೆ' ಎಂದರೆ 'ಏನೂ ಇಲ್ಲ, ನಡಿ' ಎಂದರ್ಥ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಅದು ಬಾಗಿಲು ಮುಚ್ಚುವ ಮಾತು. ಅವಳಿಗೆ ಅದು ನಿಜವಾದ ಪ್ರಶ್ನೆಯಾಗಿ ಕೇಳಿಸಿತು. ಅದರಲ್ಲಿ ಏನಿದೆ ಎಂದು ನೋಡಿ ಹೇಳುವುದು ತನ್ನ ಜವಾಬ್ದಾರಿ ಎಂದುಕೊಂಡಳು.

ಬೆರಗು ಎಂದರೆ ಇಷ್ಟೇ. ಅದಕ್ಕೆ ಹಿಮಾಲಯ ಬೇಡ, ಧ್ಯಾನ ಶಿಬಿರವೂ ಬೇಡ. ನಾವು ಮುಚ್ಚಿಟ್ಟ ಆ ಪ್ರಶ್ನೆಯನ್ನು ಮತ್ತೆ ತೆರೆದರೆ ಸಾಕು. ತೆರೆದವರು ದೊಡ್ಡ ದೊಡ್ಡ ಕೆಲಸ ಮಾಡಿದ್ದಾರೆ, ತೆರೆದ ನಮ್ಮನಿಮ್ಮಂಥವರ ದಿನಗಳು ಕೊಂಚ ಹಿಗ್ಗಿವೆ. ಹೇಗೆಂಬುದಕ್ಕೆ ಹತ್ತು ಸೂತ್ರಗಳು ಇಲ್ಲಿವೆ.

1. 'ಗೊತ್ತು ಬಿಡಿ' ಎನ್ನುವ ಮೊದಲು ಒಮ್ಮೆ ಅನುಮಾನಪಡಿ

1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಭಾರತಕ್ಕೆ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರ ಗಾಢ ನೀಲಿಯಾಗಿತ್ತು. ಸಮುದ್ರ ಏಕೆ ನೀಲಿ ಎಂಬುದು ಆ ಹೊತ್ತಿಗೆ 'ಗೊತ್ತಿದ್ದ' ಸಂಗತಿ. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂದು ಇಂಗ್ಲೆಂಡಿನ ಹಿರಿಯ ವಿಜ್ಞಾನಿ ರೇಲೀ ಹೇಳಿಯಾಗಿತ್ತು. ರಾಮನ್ ತಮ್ಮ ಬಳಿ ಇದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ಸರಿಯಾದ ಕೋನದಲ್ಲಿ ಹಿಡಿದರೆ ಅದು ಮೇಲ್ಮೈಯ ಪ್ರತಿಫಲನವನ್ನು ಅಳಿಸಿಬಿಡುತ್ತದೆ. ಪ್ರತಿಫಲನ ಹೋಯಿತು, ನೀಲಿ ಹೋಗಲಿಲ್ಲ! ಅಂದರೆ ಆ ಬಣ್ಣ ನೀರಿನದೇ, ಬೆಳಕನ್ನು ಚದುರಿಸುವ ನೀರಿನ ಅಣುಗಳದ್ದು ಎಂದು ಅವರು ತೀರ್ಮಾನಿಸಿದರು.

ಆ ಅನುಮಾನದ ಬೆನ್ನು ಹತ್ತಿ ಹೋದವರು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಬಂದು ನಿಂತರು. 1930ರಲ್ಲಿ ನೊಬೆಲ್ ಬಂತು. ಅದೇ ಹಡಗಿನಲ್ಲಿ ಅದೇ ನೀಲಿಯನ್ನು ಎಲ್ಲ ಪ್ರಯಾಣಿಕರೂ ನೋಡಿದ್ದರು.

ಮಾಡಿ ನೋಡಿ: ದಿನಕ್ಕೊಂದು 'ಗೊತ್ತಿರುವ' ಸಂಗತಿಯನ್ನು ಯಾರಿಗಾದರೂ ವಿವರಿಸಿ. ಒಗ್ಗರಣೆಯ ಸಾಸಿವೆ ಏಕೆ ಸಿಡಿಯುತ್ತದೆ? ಕನ್ನಡಿ ಎಡಬಲ ಬದಲಿಸುತ್ತದೆ, ತಲೆಕೆಳಗು ಏಕೆ ಮಾಡುವುದಿಲ್ಲ? ಎರಡನೇ ವಾಕ್ಯಕ್ಕೇ ತೊದಲುತ್ತೀರಿ. ತೊದಲಿದ ಜಾಗದಲ್ಲೇ ಬೆರಗು ಕೂತಿರುತ್ತದೆ.

2. ವಾರಕ್ಕೊಮ್ಮೆ ಎಣಿಸದೆ ನಡೆಯಿರಿ

ಹಾರ್ವರ್ಡ್‌ನಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರಿ ಎಂಬ ಮನೋವಿಜ್ಞಾನಿಗಳು ಮಾಡಿದ ಒಂದು ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಕೆಲವರು ಬಾಸ್ಕೆಟ್‌ಬಾಲ್ ಚೆಂಡನ್ನು ಒಬ್ಬರಿಗೊಬ್ಬರು ಎಸೆಯುವ ಪುಟ್ಟ ಚಿತ್ರ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಂದು ನೋಡುಗರು ಎಣಿಸಬೇಕು. ನಡುವೆ ಗೊರಿಲ್ಲಾ ವೇಷದ ವ್ಯಕ್ತಿಯೊಬ್ಬರು ಬಂದು, ಎದೆ ಬಡಿದುಕೊಂಡು, ಆರಾಮವಾಗಿ ಹೊರಟುಹೋಗುತ್ತಾರೆ. ಎಣಿಕೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ.

ಪಾರ್ಕಿನಲ್ಲಿ ಬೆಳಗ್ಗೆ ಮಣಿಕಟ್ಟಿನ ವಾಚ್ ನೋಡುತ್ತಾ ಹತ್ತು ಸಾವಿರ ಹೆಜ್ಜೆ ಮುಗಿಸುವ ನಮ್ಮ ಕಥೆಯೂ ಇದೇ. ಹೆಜ್ಜೆ ಎಣಿಸುವ ನಡಿಗೆ ಬೇರೆ, ನೋಡುವ ನಡಿಗೆ ಬೇರೆ. ಮೊದಲನೆಯದು ಸಕ್ಕರೆ ಕಾಯಿಲೆಗೆ ಒಳ್ಳೆಯದು, ಬಿಡಬೇಡಿ. ಎರಡನೆಯದಕ್ಕೆ ವಾರದಲ್ಲಿ ಒಂದು ದಿನ ಮೀಸಲಿಡಿ. ಅಂದು ವಾಚ್ ಮನೆಯಲ್ಲಿರಲಿ.

3. ಬಗ್ಗಿ ನೋಡಿ

ಮಕ್ಕಳಿಗೆ ಜಗತ್ತು ಹೆಚ್ಚು ಕಾಣಲು ಒಂದು ಸರಳ ಕಾರಣ, ಅವರು ನೆಲಕ್ಕೆ ಹತ್ತಿರ ಇರುತ್ತಾರೆ. ನಾವೂ ಆಗಾಗ ಮಂಡಿ ಬಗ್ಗಿಸಬೇಕು.

ಇರುವೆ ಸಾಲು ಸಿಕ್ಕರೆ ಅದಕ್ಕೆ ಅಡ್ಡವಾಗಿ ನೆಲದ ಮೇಲೆ ಬೆರಳನ್ನು ಒಮ್ಮೆ ಬಲವಾಗಿ ಉಜ್ಜಿ. ಅಲ್ಲಿಗೆ ಬಂದ ಇರುವೆ ಗಕ್ಕನೆ ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ಹಿಂದೆ ತಿರುಗುತ್ತದೆ. ಎರಡೂ ಕಡೆ ಜನಜಂಗುಳಿ. ಕೊನೆಗೆ ಯಾವುದೋ ಒಂದು ಧೈರ್ಯ ಮಾಡಿ ದಾಟುತ್ತದೆ, ಉಳಿದವು ಹಿಂಬಾಲಿಸುತ್ತವೆ. ಕಣ್ಣಿಗೆ ಕಾಣದ ವಾಸನೆಯ ರಸ್ತೆಯೊಂದು ಅಲ್ಲಿತ್ತು, ಅದನ್ನು ನೀವು ಅಳಿಸಿದಿರಿ. ದಾಟಿದ ಇರುವೆಗಳು ಅದನ್ನು ಮತ್ತೆ ಹಾಕಿಕೊಂಡವು.

ಬಗ್ಗಿದ್ದರಿಂದ ಬದುಕು ಕಟ್ಟಿಕೊಂಡವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಲ್ 1941ರಲ್ಲಿ ನಾಯಿಯ ಜೊತೆ ಕಾಡು ಸುತ್ತಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಮುಳ್ಳುಕಾಯಿಗಳು ಮೆತ್ತಿದ್ದವು. ನಾವು ಹೊಲದಿಂದ ಬಂದಾಗ ಪಂಚೆಗೆ ಅಂಟಿದ ಉತ್ತರಾಣಿಯನ್ನು ಬೈಯುತ್ತಾ ಕೀಳುತ್ತೇವಲ್ಲ, ಹಾಗೆ. ಅವರು ಕಿತ್ತದ್ದನ್ನು ಎಸೆಯದೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ತುದಿಯಲ್ಲಿ ಸಣ್ಣ ಕೊಕ್ಕೆಗಳು ಕಂಡವು. ಇಂದು ಮಕ್ಕಳ ಶೂ, ಬ್ಯಾಗುಗಳಲ್ಲಿ ಚರ್ರೆಂದು ಬಿಚ್ಚುವ ವೆಲ್ಕ್ರೋ ಹುಟ್ಟಿದ್ದು ಹಾಗೆ.

4. ಹೆಸರು ಕಲಿಯಿರಿ, ಹೆಸರಿನಲ್ಲೇ ನಿಲ್ಲಬೇಡಿ

ನಿಮ್ಮ ಮನೆಯ ಮುಂದಿನ ಮರ ಯಾವುದು? 'ಯಾವುದೋ ಮರ' ಎಂದರೆ ಅದು ಕರೆಂಟ್ ಕಂಬಕ್ಕೆ ಸಮ. 'ಹೊಂಗೆ' ಎಂದು ಗೊತ್ತಾದ ದಿನದಿಂದ ಅದು ಎಲೆ ಉದುರಿಸುವುದು, ಯುಗಾದಿಯ ಹೊತ್ತಿಗೆ ಎಳೆ ಹಸಿರು ಹೊದೆಯುವುದು, ಆಮೇಲೆ ಕಾರಿನ ಮೇಲೆಲ್ಲ ಹೂ ಚೆಲ್ಲುವುದು ಎಲ್ಲವೂ ಕಣ್ಣಿಗೆ ಬೀಳತೊಡಗುತ್ತದೆ. ಬೆಂಗಳೂರಿನವರಿಗಂತೂ ಇದು ಸುಲಭ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕ್ರುಂಬಿಗಲ್ ಒಂದಾದ ಮೇಲೊಂದು ಮರ ಹೂ ಬಿಡುವಂತೆ, ನಗರದಲ್ಲಿ ವರ್ಷವಿಡೀ ಎಲ್ಲಾದರೂ ಹೂ ಇರುವಂತೆ ಯೋಜನೆ ಹಾಕಿ ನೆಡಿಸಿದರು. ನಾವು ಟ್ರಾಫಿಕ್ಕಿನಲ್ಲಿ ಕಾಯುತ್ತಾ ಗೊಣಗುವುದು ಅವರು ಬರೆದಿಟ್ಟ ಕ್ಯಾಲೆಂಡರಿನ ಕೆಳಗೇ.

ಆದರೆ ಹೆಸರೇ ಕೊನೆಯಲ್ಲ. 'ಕೋಗಿಲೆ' ಎಂದರೆ ಮುಗಿಯಿತೇ? ಕುಹೂ ಎನ್ನುವ ಕರಿಯ ಹಕ್ಕಿ ಗಂಡು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಎಷ್ಟೋ ಜನ ಅದನ್ನು ಕಂಡೂ ಕೋಗಿಲೆ ಎಂದುಕೊಂಡಿಲ್ಲ. ಬಾಲಕ ಸಲೀಂ ಅಲಿ ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ನೋಡಿ 'ಇದು ಯಾವ ಗುಬ್ಬಿ?' ಎಂದು ಕೇಳುತ್ತಾ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ಅಲ್ಲಿ ಹೆಸರು ಸಿಕ್ಕಿತು. ಹೆಸರಿನ ಜೊತೆ ಕಪಾಟು ತುಂಬ ಹಕ್ಕಿಗಳೂ ಸಿಕ್ಕವು. ಮನೆಗೆ ಮರಳಿದ್ದು ಹುಡುಗ, ಒಳಗೆ ಮೊಳೆತದ್ದು ಭಾರತದ ಪಕ್ಷಿತಜ್ಞ.

5. ದೋಸೆ ಕಾವಲಿಯ ಮುಂದೆ ಎರಡು ನಿಮಿಷ ನಿಲ್ಲಿ

ಪ್ರಯೋಗಾಲಯ ಹುಡುಕಿಕೊಂಡು ಹೋಗಬೇಕಿಲ್ಲ, ಗ್ಯಾಸ್ ಹಚ್ಚಿದರೆ ಸಾಕು. ಕಾವಲಿ ಕಾದಿದೆಯೇ ಎಂದು ನೋಡಲು ಅಮ್ಮ ನೀರು ಚಿಮುಕಿಸುತ್ತಾಳೆ. ಕಾವು ಸಾಲದಿದ್ದರೆ ನೀರು ಸುಮ್ಮನೆ ಕೂತು ನಿಧಾನ ಆರುತ್ತದೆ. ಹದವಾಗಿದ್ದರೆ ಚುಂಯ್ ಎಂದು ಕ್ಷಣದಲ್ಲಿ ಮಾಯ. ಕಾವಲಿಯನ್ನು ಮರೆತು ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದಿರೋ, ಆಗ ನೋಡಬೇಕು ಮಜ. ನೀರು ಆರುವುದೇ ಇಲ್ಲ! ದುಂಡು ದುಂಡು ಮುತ್ತಾಗಿ ಕಾವಲಿಯ ತುಂಬ ಜಾರುತ್ತಾ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ, ಅಂಚಿಗೆ ಹೋಗಿ ಉರುಳುತ್ತದೆ.

ಹೆಚ್ಚು ಕಾದ ಕಾವಲಿಯಲ್ಲಿ ನೀರು ಹೆಚ್ಚು ಹೊತ್ತು ಬಾಳುವುದೆಂದರೆ ವಿಚಿತ್ರವೇ ತಾನೆ? ಹನಿಯ ತಳ ಕಾವಲಿಗೆ ತಾಗುವ ಮೊದಲೇ ಆವಿಯಾಗುತ್ತದೆ. ಆ ತೆಳು ಆವಿಯ ಹಾಸಿಗೆಯ ಮೇಲೆ ಉಳಿದ ಹನಿ ತೇಲುತ್ತದೆ. ಕೆಳಗಿನ ಉರಿ ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ಕಾವು ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದಾಗ ಈ ಆಟ ಶುರು. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ಗಮನಿಸಿ 1756ರಲ್ಲಿ ಬರೆದಿಟ್ಟರು. ಅವರ ಹೆಸರೇ ಅದಕ್ಕೆ ನಿಂತಿದೆ. ನಮ್ಮ ಅಜ್ಜಿಯರು ಅದರ ಹೆಸರು ಕೇಳಿದವರಲ್ಲ, ಆದರೆ ಮುತ್ತು ಉರುಳಿದರೆ ಉರಿ ತಗ್ಗಿಸಬೇಕು, ಇಲ್ಲದಿದ್ದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ ಎಂಬುದು ಅವರಿಗೆ ಕರತಲಾಮಲಕ.

ಮಾಡಿ ನೋಡಿ: ನಾಳೆ ದೋಸೆಗೆ ಮೊದಲು ಮೂರು ಹಂತವನ್ನೂ ಬೇಕೆಂದೇ ನೋಡಿ. ನಾನ್‌ಸ್ಟಿಕ್ ಬೇಡ, ಕಬ್ಬಿಣದ ಕಾವಲಿಯೇ ಆಗಬೇಕು. ಮುಖ ದೂರವಿರಲಿ.

6. ಮಳೆಯನ್ನು ಹೆಸರಿಟ್ಟು ಕರೆಯಿರಿ

ಪೇಟೆಯವರಿಗೆ ಮಳೆ ಎಂದರೆ 'ಇವತ್ತೂ ಬಂತಾ?' ರೈತರಿಗೆ ಅದು ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು, ಹೆಸರಿಗೊಂದು ಗಾದೆ, ಗಾದೆಗೊಂದು ಬೆಳೆ. ಮೊದಲ ಮಳೆ ಬಿದ್ದಾಗ ಹೊಲದಲ್ಲಿ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳಗಳು ಮೇಲೆದ್ದು ಬರುತ್ತವೆ. ಕಾಲು ಎಣಿಸಿ. ಎಂಟಿವೆ, ಅಂದರೆ ಕೀಟವಲ್ಲ, ಜೇಡನ ನೆಂಟ.

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನೂ ಒಮ್ಮೆ ವಿಚಾರಿಸಿ. ಅದರಲ್ಲಿ ಮುಖ್ಯ ಪಾಲು ಜಿಯೋಸ್ಮಿನ್ ಎಂಬ ವಸ್ತುವಿನದು, ಅದನ್ನು ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗವಿದ್ದರೂ ನಮ್ಮ ಮೂಗು ಅದನ್ನು ಹಿಡಿಯಬಲ್ಲದು.

ಇನ್ನೊಂದು ಸ್ವಾರಸ್ಯ: ಮಳೆಯ ಹೆಸರೆಲ್ಲ ನಕ್ಷತ್ರದ ಹೆಸರು. ಆದರೆ ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಹುಡುಕಿದರೆ ಸಿಗದು. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವುದರಿಂದಲೇ ಮಳೆಗೆ ಆ ಹೆಸರು. ಅದು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಜನವರಿಯ ರಾತ್ರಿ ಎಂಟರ ಹೊತ್ತಿಗೆ ಮಹಡಿ ಹತ್ತಿ. ನಡುವೆ ಮೂರು ನಕ್ಷತ್ರಗಳು ಸಾಲಾಗಿ ನಿಂತ ನಕ್ಷತ್ರಪುಂಜದ ಬೇಟೆಗಾರ, ಮಹಾವ್ಯಾಧ, ಕಾಣುತ್ತಾನೆ. ಅವನ ಹೆಗಲಲ್ಲಿ ಕೆಂಪಗೆ ಉರಿಯುವುದೇ ಆರಿದ್ರಾ. ಇಂದು ನಿಮ್ಮ ಕಣ್ಣಿಗೆ ಬಿದ್ದ ಅದರ ಬೆಳಕು ಹೊರಟು ಐದಾರು ನೂರು ವರ್ಷವಾಗಿದೆ. ಆಗ ಹಂಪಿಯಲ್ಲಿ ಸಂತೆ ಸೇರುತ್ತಿತ್ತು.

7. ಒಂದೇ ಜಾಗವನ್ನು ವರ್ಷವಿಡೀ ನೋಡಿ

ಹೊಸದನ್ನು ನೋಡಲು ಹೊಸ ಊರಿಗೇ ಹೋಗಬೇಕು ಎಂಬುದು ಟ್ರಾವೆಲ್ ಏಜೆಂಟರ ಸಿದ್ಧಾಂತ. ಕಿಟಕಿಯಿಂದ ಬಿದ್ದ ಬಿಸಿಲಿನ ಅಂಚಿಗೆ ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆಗಳು ಸರಿಯುತ್ತಾ ಹೋಗುತ್ತವೆ, ಒಂದು ದಿನ ನಿಲ್ಲುತ್ತವೆ, ಮತ್ತೆ ಹಿಂದಿರುಗುತ್ತವೆ. ಉತ್ತರಾಯಣ, ದಕ್ಷಿಣಾಯನಗಳು ಪಂಚಾಂಗ ಬಿಟ್ಟು ನಿಮ್ಮ ಗೋಡೆಗೆ ಬಂದವು. ಬೆಂಗಳೂರಿನ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲ ಕೋಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಟಿವಿಯಲ್ಲಿ ನೋಡುತ್ತೀರಲ್ಲ, ಅದನ್ನು ಹಾಗೆ ಕೂರಿಸಿದವರು ನಿಮ್ಮ ಹಾಗೆಯೇ ಮೊದಲು ಗೆರೆ ಎಳೆದಿರಬೇಕು.

ಇನ್ನೊಂದು ದಿನ ಗುರುತು ಹಾಕಿಕೊಳ್ಳಿ. ಬೆಂಗಳೂರು, ಮಂಗಳೂರಿನ ರೇಖೆಯಲ್ಲಿರುವವರಿಗೆ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟಲಿಯ ನೆರಳು ಅದರ ಕಾಲಡಿಯೇ ಅಡಗುತ್ತದೆ. ಉತ್ತರಕ್ಕೆ ಹೋದಷ್ಟೂ ಮೊದಲ ದಿನ ಮುಂದೆ ಸರಿಯುತ್ತದೆ. ಬೀದರಿನಲ್ಲಿ ಅದು ಮೇ ಎರಡನೇ ವಾರ. ದಿಲ್ಲಿಯವರಿಗೆ ಈ ಭಾಗ್ಯ ಇಲ್ಲವೇ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿ ಸೂರ್ಯ ಅತ್ತ ಹೋಗುವುದಿಲ್ಲ.

8. ಫೋಟೋ ತೆಗೆಯುವ ಮೊದಲು ಒಂದು ಚಿತ್ರ ಬರೆಯಿರಿ

ಚೆನ್ನಾಗಿ ಬರಬೇಕೆಂದಿಲ್ಲ. ದಾಸವಾಳದ ಒಂದು ಹೂವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಯಲು ಹೊರಟರೆ ಗೊತ್ತಾಗುತ್ತದೆ: ದಳ ಐದೋ ಆರೋ? ಒಂದರ ಮೇಲೊಂದು ಯಾವ ಕಡೆಗೆ ಸುತ್ತಿಕೊಂಡಿವೆ? ಇಷ್ಟು ವರ್ಷ ದೇವರಿಗೆ ಏರಿಸಿದ ಹೂವನ್ನು ನೋಡಿಯೇ ಇರಲಿಲ್ಲ!

ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಶಾಲೆಯಲ್ಲಿ ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದರು. ತಾನು ಚಿತ್ರಗಾರ ಎಂಬ ನಂಬಿಕೆ ಅಲ್ಲಿಂದ ಮೊಳೆಯಿತು. ಮುಂದೆ ವ್ಯಂಗ್ಯಚಿತ್ರಕಾರರಾಗಿ ದೇಶದ ಮಂತ್ರಿಗಳನ್ನೆಲ್ಲ ಗೆರೆಯಲ್ಲಿ ಹಿಡಿದರೂ ಅವರು ಜೀವನವಿಡೀ ಬಿಡದೆ ಬರೆದದ್ದು ಕಾಗೆಯನ್ನು. ಎಲ್ಲರ ಮನೆಯ ಕಾಂಪೌಂಡಿನ ಮೇಲೂ ಕೂರುವ ಕಾಗೆ. ಅದರಲ್ಲೇನಿದೆ ಎಂದು ಅವರು ನೋಡುತ್ತಲೇ ಇದ್ದರು.

9. ದಿನಕ್ಕೆ ಹತ್ತು ನಿಮಿಷ ಲಾಭವಿಲ್ಲದ ಕೆಲಸ ಮಾಡಿ

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದಾಗ ಸಂಶೋಧನೆಯೇ ಬೇಸರವಾಗಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಯಾರೋ ತಟ್ಟೆಯೊಂದನ್ನು ಗಾಳಿಗೆ ತೂರಿದರು. ತಟ್ಟೆ ತಿರುಗುತ್ತಾ ಓಲಾಡುತ್ತಿತ್ತು. ತಿರುಗುವ ವೇಗಕ್ಕೂ ಓಲಾಡುವ ವೇಗಕ್ಕೂ ಏನು ಸಂಬಂಧ ಎಂದು ಸುಮ್ಮನೆ ಲೆಕ್ಕ ಹಾಕಿದರು. ಸಹೋದ್ಯೋಗಿ ಹಾನ್ಸ್ ಬೆಥೆಗೆ ತೋರಿಸಿದರೆ ಅವರು ಕೇಳಿದ್ದು ನಮ್ಮದೇ ಪ್ರಶ್ನೆ, ಅದರಿಂದೇನು ಉಪಯೋಗ ಎಂದು. ಏನೂ ಇಲ್ಲ, ಮಜಕ್ಕೆ ಮಾಡಿದೆ ಎಂದರು ಫೈನ್‌ಮನ್. ಆ ಆಟವೇ ಅವರನ್ನು ಎಲೆಕ್ಟ್ರಾನಿನ ಲೆಕ್ಕಕ್ಕೆ ಕರೆದೊಯ್ದಿತು. 1965ರಲ್ಲಿ ನೊಬೆಲ್ ತಂದ ಕೆಲಸದ ಬೇರು ಆ ತಟ್ಟೆಯಲ್ಲಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ.

ನಮಗೆ ನೊಬೆಲ್ ಬಾರದು ಎನ್ನಿ. ಆದರೆ ಬುಗುರಿ ಆಡಿಸಲು, ಕಾಗದದ ದೋಣಿ ಬಿಡಲು, ಕೆರೆಗೆ ಚಪ್ಪಟೆ ಕಲ್ಲು ಎಸೆದು ಎಷ್ಟು ನೆಗೆತ ಎಂದು ನೋಡಲು ಹತ್ತು ನಿಮಿಷವಿದ್ದರೆ ಸಾಕು. ರೀಲ್ಸ್ ನೋಡುತ್ತಾ ಕಳೆದ ಗಂಟೆಗೆ ನಾವು ಯಾರಿಗೂ ಲೆಕ್ಕ ಕೊಡುವುದಿಲ್ಲ, ಬುಗುರಿಗೇಕೆ ಸಂಕೋಚ?

10. ಉತ್ತರ ಕೊಡುವ ಆತುರ ಬೇಡ, ಪಕ್ಕದಲ್ಲಿ ಕೂರಿ

ಮಗು 'ಯಾಕೆ' ಎಂದಾಗ ನಾವು ಮಾಡುವ ತಪ್ಪು ಎರಡು. ಒಂದು, ಗದರುವುದು. ಇನ್ನೊಂದು, ಫೋನ್ ತೆಗೆದು ಉತ್ತರ ಓದಿಬಿಡುವುದು. 'ನಿನಗೇನು ಅನ್ನಿಸುತ್ತೆ?' ಎಂದು ತಿರುಗಿ ಕೇಳಿದರೆ ಎರಡನ್ನೂ ತಪ್ಪಿಸಬಹುದು. ಶಿವರಾಮ ಕಾರಂತರಂಥ ಕಾದಂಬರಿಕಾರರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಮಗುವಿನ ಪ್ರಶ್ನೆ ಅಷ್ಟು ತೂಕದ್ದು ಎಂದು ಅವರಿಗೆ ಕಂಡಿತ್ತು.

ಗುರು ಮಗುವೇ ಆಗಬೇಕೆಂದೂ ಇಲ್ಲ. 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಗೆ ಹಾರುವ ಓತಿಯ ದಾರಿ ತೋರುವವನು ಊರವರು ಉಡಾಳನೆಂದು ಕೈಬಿಟ್ಟ ಮಂದಣ್ಣ. ಅವನಿಗೆ ಪದವಿಯಿಲ್ಲ, ಕಣ್ಣಿದೆ. ನಿಮ್ಮ ಬೀದಿಯಲ್ಲೂ ಒಬ್ಬ ಮಂದಣ್ಣ ಇರುತ್ತಾನೆ. ಹೂ ಮಾರುವ ಅಜ್ಜಿಯೋ, ತೋಟದ ಕೆಲಸದವರೋ, ರಾತ್ರಿ ಕಾವಲಿನವರೋ ಇರಬಹುದು. ಒಂದು ಟೀ ಕುಡಿಸಿ ಮಾತಾಡಿಸಿ.

ಇನ್ನು ಆ ಇರುವೆಗಳ ಕಥೆ ಬಾಕಿ ಉಳಿಯಿತು. ಅವಳು ಐದು ನಿಮಿಷ ಮಿಸುಕದೆ ನೋಡಿದಳು. ಆಮೇಲೆ ವರದಿ ಒಪ್ಪಿಸಿದಳು: "ಮಾಮಾ, ಎಲ್ಲಾ ಎತ್ಕೊಂಡು ಹೋಗ್ತಿವೆ, ಒಂದು ಮಾತ್ರ ರೆಕ್ಕೆ ಮೇಲೆ ಸುಮ್ನೆ ಕೂತ್ಕೊಂಡು ಹೋಗ್ತಿದೆ." ಇರಲಿಕ್ಕಿಲ್ಲ ಎಂದುಕೊಂಡೆ. ಹಾಲಿನ ಪ್ಯಾಕೆಟ್ ಪಕ್ಕಕ್ಕಿಟ್ಟು ಬಗ್ಗಿದೆ. ಕೂತಿತ್ತು. ಮೆರವಣಿಗೆಯ ದೊರೆಯ ಹಾಗೆ, ರೆಕ್ಕೆಯ ತುದಿಯಲ್ಲಿ, ಮೀಸೆ ಆಡಿಸುತ್ತಾ.

ಅದು ಸೋಮಾರಿಯೋ, ಮೇಸ್ತ್ರಿಯೋ ಎಂದು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಡಿಕಾಕ್ಷನ್ ಆರಿ ತಣ್ಣಗಾಗಿತ್ತು. ಬಿಸಿ ಮಾಡಿಕೊಂಡು ಕುಡಿದೆ.